ಶವಾಗಾರದ ತರಕಾರಿ ಎಂದವರಿಗೆ

ಹೊನ್ನಾಳಿ ಸೀಮೆಯ ಗೋವಿನಕೋವಿ ನನ್ನ ಹುಟ್ಟೂರು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ದಾವಣಗೆರೆ ಸೇರಿ, ಅಲ್ಲಿಯೇ ಬೇರುಬಿಟ್ಟು, ಈಗ ನಿವೃತ್ತನಾಗಿ ಕುಳಿತಿರುವ ನಾನು ವರ್ಷಕ್ಕೆ ಎರಡು ಸಲವಾದರೂ ಅಲ್ಲಿಗೆ ಹೋಗಿ ಅಣ್ಣನ ಮನೆಯಲ್ಲಿ ನಾಲ್ಕು ದಿನ ಇದ್ದು ಬರುತ್ತೇನೆ. ಕಳೆದ ದೀಪಾವಳಿಗೆ ಹೋದಾಗ ಅಲ್ಲಿ ನಡೆದ ಒಂದು ಸಂಗತಿಯೇ ಈ ಲೇಖನಕ್ಕೆ ಕಾರಣ. ಸಂಗತಿ ಬಲು ಸಣ್ಣದು. ಅದರಿಂದ ನನಗೆ ಬಂದ ಸಿಟ್ಟು ಮಾತ್ರ ಸಣ್ಣದಲ್ಲ. ಅದು ಇನ್ನೂ ಆರಿಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹಬ್ಬದ ಮರುದಿನ ರಾತ್ರಿ ಮನೆಯಲ್ಲಿ 14 ಮಂದಿ ಇದ್ದೆವು. ಎರಡು ದಿನ ಹೋಳಿಗೆ ತಿಂದು ಎಲ್ಲರ ನಾಲಗೆಯೂ ಸಪ್ಪಗಾಗಿತ್ತು. 'ಬಿಸಿ ರೊಟ್ಟಿಯಾದರೆ ಹೇಗೆ?' ಎಂದು ಹಜಾರದಲ್ಲಿ ಯಾರೋ ಬಾಯಿಬಿಟ್ಟರು. ಹಾಗೆ ಬಾಯಿಬಿಟ್ಟವರು ಎದ್ದು ಹೋಗಿ ಹಿಟ್ಟು ನಾದಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಎದ್ದವರು ನನ್ನ ಅತ್ತಿಗೆ. ಅವರಿಗೆ 68 ವರ್ಷ. ಜೋಳದ ರೊಟ್ಟಿ ಬಡಿದು ಮುಗಿಸಿ, ಕೊನೆಯ ರೊಟ್ಟಿಯನ್ನು ಹಂಚಿನಿಂದ ಇಳಿಸಿದ ಮೇಲೆ ಅವರು ಉರಿಯನ್ನು ತಗ್ಗಿಸಲಿಲ್ಲ. ಮಗ ಶಿವಮೊಗ್ಗದಿಂದ ತಂದುಕೊಟ್ಟಿದ್ದ ಪೊಟ್ಟಣವೊಂದನ್ನು ಫ್ರೀಜರಿನಿಂದ ತೆಗೆದರು. ಅದರಲ್ಲಿ ಹಸಿರು ಬಟಾಣಿ, ಹುರುಳಿಕಾಯಿ, ಗಜ್ಜರಿಯ ತುಂಡುಗಳು ಕಲ್ಲುಸಕ್ಕರೆಯಂತೆ ಗಲಗಲ ಸದ್ದು ಮಾಡುತ್ತಿದ್ದವು. ಕಾದು ಹೊಗೆಯಾಡುತ್ತಿದ್ದ ಹಂಚಿನ ಮೇಲೆ ಎಣ್ಣೆ ಸವರಿ, ಅದರಿಂದ ಮೂರನೆಯ ಒಂದು ಪಾಲನ್ನಷ್ಟೆ ಹರವಿದರು. ಚೊರ್ರೆಂಬ ಸದ್ದು ನಡುಮನೆಯವರೆಗೂ ಕೇಳಿಸಿತು.

ಆ ಸದ್ದಿಗೆ ಎದ್ದು ಬಂದವರು ನಮ್ಮ ನೆಂಟರೊಬ್ಬರು. ಹೆಸರು ಬೇಡ, ಮುಂದಿನ ಹಬ್ಬಕ್ಕೂ ಅವರ ಮುಖ ನೋಡಬೇಕು. ಓದಿದವರು, ಮಾತುಬಲ್ಲವರು. ಅಡುಗೆಮನೆಯ ಹೊಸ್ತಿಲಾಚೆಯೇ ನಿಂತು ಪೊಟ್ಟಣವನ್ನು ನೋಡಿ, 'ಏನಮ್ಮಾ, ಹಳ್ಳಿಯ ಮನೆಯಲ್ಲಿ ಹುಟ್ಟಿ ಬೆಳೆದವಳು ನೀನೂ ಈ ಶವಾಗಾರದ ತರಕಾರಿಗೆ ಬಂದೆಯಾ? ಸೋಮಾರಿತನಕ್ಕೂ ಒಂದು ಮಿತಿ ಬೇಡವೆ?' ಎಂದರು. ಹಜಾರದಲ್ಲಿದ್ದವರು ನಕ್ಕರು. ಅತ್ತಿಗೆಯೂ ನಕ್ಕರು. ಆದರೆ ಅವರು ಪೊಟ್ಟಣವನ್ನು ಮಡಿಚಿ ಸೆರಗಿನ ಮರೆಗೆ ಸರಿಸಿದ್ದನ್ನು ನಾನು ಕಂಡೆ. ಬೆಳಗಿನ ಐದು ಗಂಟೆಯಿಂದ ನಿಂತ ಕಾಲಿನಲ್ಲಿದ್ದ ಹೆಂಗಸು ಕಳ್ಳಮಾಲು ಸಿಕ್ಕಿಬಿದ್ದವಳಂತೆ ಪೊಟ್ಟಣ ಬಚ್ಚಿಡಬೇಕಾಗಿ ಬಂದ ಆ ಗಳಿಗೆಯನ್ನು ಕುರಿತೇ ನನ್ನ ತಕರಾರು.

ಇದನ್ನು ಬರೆಯುವ ಅಧಿಕಾರ ನನಗಿದೆಯೆ ಎಂದು ನನ್ನ ಹೆಂಡತಿ ಕೇಳಬಹುದು. ಕೇಳಿದರೆ ನಾನು ತಲೆ ತಗ್ಗಿಸಬೇಕಾದೀತು. ಏಕೆಂದರೆ 30 ವರ್ಷ ಕಾಲ ನಾನೂ ಆ ನೆಂಟರ ಪಂಗಡದವನೇ ಆಗಿದ್ದೆ. ಮನೆಗೆ ಫ್ರಿಜ್ ಬಂದಾಗ ಅದಕ್ಕೆ 'ತಂಗಳ ಪೆಟ್ಟಿಗೆ' ಎಂದು ಹೆಸರಿಟ್ಟು ಬಂದವರೆದುರು ನಗಿಸುತ್ತಿದ್ದೆ. ಬೆಳಗಿನ ತರಕಾರಿ ಬೆಳಗ್ಗೆ, ಸಂಜೆಯದು ಸಂಜೆ ಹೆಚ್ಚಬೇಕೆಂಬುದು ನಾನು ವಿಧಿಸಿದ ಕಟ್ಟಳೆ. ಹೆಚ್ಚುವ ಈಳಿಗೆಮಣೆಯ ಮೇಲೆ ಮಾತ್ರ ನಾನು ಎಂದೂ ಕುಳಿತವನಲ್ಲ. ಆರು ವರ್ಷದ ಹಿಂದೆ ಒಂದು ದಿನ ಆಕೆಯ ಬಲಗೈ ತಲೆಯವರೆಗೆ ಏಳಲಿಲ್ಲ. ವೈದ್ಯರು ಪರೀಕ್ಷಿಸಿ, 'ಇದಕ್ಕೆ ಫ್ರೋಜನ್ ಶೋಲ್ಡರ್ ಎನ್ನುತ್ತಾರೆ' ಎಂದರು. ನಮ್ಮ ಮನೆಯಲ್ಲಿ ಮೊತ್ತಮೊದಲು ಹೆಪ್ಪುಗಟ್ಟಿದ್ದು ತರಕಾರಿಯಲ್ಲ, ನನ್ನ ಹೆಂಡತಿಯ ಭುಜ. ಆ ರೋಗಕ್ಕೆ ತರಕಾರಿ ಹೆಚ್ಚುವುದೇ ಕಾರಣವೆಂದು ವೈದ್ಯರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಆಮೇಲೆ ಈಳಿಗೆಮಣೆಯ ಮೇಲೆ ನಾನು ಕೂರಬೇಕಾಯಿತು. ಅರ್ಧ ಸೇರು ಹುರುಳಿಕಾಯಿಯ ನಾರು ತೆಗೆದು ಸಣ್ಣಗೆ ಹೆಚ್ಚಲು ಎಷ್ಟು ಹೊತ್ತು ಹಿಡಿಯುತ್ತದೆಂಬುದು 64ನೆಯ ವಯಸ್ಸಿನಲ್ಲಿ ನನಗೆ ಮೊದಲ ಬಾರಿ ತಿಳಿಯಿತು. ಎರಡು ವಾರದಲ್ಲಿ ನನ್ನ ತತ್ತ್ವ ಸಡಿಲವಾಯಿತು. ಮೂರನೆಯ ವಾರ ಅಂಗಡಿಗೆ ಹೋಗಿ, ಯಾರಾದರೂ ನೋಡುತ್ತಾರೆಯೆ ಎಂದು ಅತ್ತಿತ್ತ ಕಣ್ಣುಹಾಯಿಸಿ, ಒಂದು ಪೊಟ್ಟಣ ತಂದೆ.

ಇರಲಿ. ನೆಂಟರ ಮಾತಿಗೆ ಬರೋಣ. 'ಶವಾಗಾರದ ತರಕಾರಿ' ಎಂಬ ಮಾತು ಕೇಳಲು ಚಂದ. ಆದರೆ ತಾಜಾ ಎಂದು ನಾವು ಮೆರೆಸುವ ತರಕಾರಿ ಎಲ್ಲಿಂದ ಬರುತ್ತದೆ? ಅಣ್ಣನ ಹಿತ್ತಿಲಿನಲ್ಲಿ ಎರಡು ನುಗ್ಗೆಮರ, ಕರಿಬೇವು, ನಾಲ್ಕು ಬದನೆ ಗಿಡ, ಮಳೆಗಾಲದಲ್ಲಿ ಒಂದು ಹೀರೆಬಳ್ಳಿ ಇವೆ. ಅವು ಕೊಡುವಷ್ಟು ದಿನ ಕೊಡುವುದು ತಾಜಾ. ಅದರ ಮುಂದೆ ಯಾವ ಪೊಟ್ಟಣವೂ ನಿಲ್ಲದು, ಒಪ್ಪಿದೆ. ಉಳಿದಂತೆ ಊರ ಸುತ್ತ ಈಗ ಕಾಣುವುದು ಬತ್ತ, ಮೆಕ್ಕೆಜೋಳ, ಅಡಿಕೆ. ಅಡಿಕೆಯ ಪಲ್ಯ ಮಾಡಲು ಬರುವುದಿಲ್ಲ. ಹುರುಳಿಕಾಯಿ, ಗಜ್ಜರಿ, ಕೋಸು ಇವೆಲ್ಲ ನನ್ನ ಅತ್ತಿಗೆಗೆ ಸಿಕ್ಕುವುದು ಸಂತೆಯಲ್ಲಿ. ಯಾವುದೋ ಊರಿನ ಹೊಲದಲ್ಲಿ ಕಿತ್ತದ್ದು ಚೀಲದಲ್ಲಿ ತುಂಬಿ, ರಾತ್ರಿಯ ಲಾರಿಯಲ್ಲಿ ಕುಲುಕಿ, ಮಂಡಿಯಲ್ಲಿ ಹರಾಜಾಗಿ, ಚಿಲ್ಲರೆಯವನ ಗಾಡಿಯೇರಿ, ಬಿಸಿಲಿನಲ್ಲಿ ಬಾಡಿ, ನೀರು ಚಿಮುಕಿಸಿಕೊಂಡು ಮತ್ತೆ ಎಚ್ಚರಗೊಂಡು ಮನೆಗೆ ಬರುತ್ತದೆ. ಬಂದ ಮೇಲೆ ಮುಂದಿನ ಸಂತೆಯವರೆಗೆ ಅದೇ ತಂಗಳ ಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿ ಮುದುಡಿ ಕೂರುತ್ತದೆ. ಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿ ಆರು ದಿನ ಕುಳಿತದ್ದು ತಾಜಾ, ಮೇಲಿನ ಖಾನೆಯಲ್ಲಿ ಕುಳಿತದ್ದು ಹೆಣ. ಇದು ಯಾವ ನ್ಯಾಯ?

ಬಟಾಣಿಯ ವಿಷಯವನ್ನೇ ತೆಗೆದುಕೊಳ್ಳಿ. ಗಿಡದಿಂದ ಕಿತ್ತ ಕೆಲವೇ ಗಂಟೆಗಳಲ್ಲಿ ಅದರ ಸಕ್ಕರೆ ಪಿಷ್ಟವಾಗಿ ಮಾರ್ಪಡಲು ತೊಡಗುತ್ತದೆ. ಎರಡು ದಿನ ಕಳೆದ ಬಟಾಣಿ ಹಿಟ್ಟುಹಿಟ್ಟಾಗಿರುವುದು ಇದರಿಂದಲೇ. ಕಾರ್ಖಾನೆಯವರು ಕಿತ್ತ ಕಾಳನ್ನು ಕುದಿನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆದು, ಒಡನೆಯೇ ತಣ್ಣಗೆ ಮಾಡಿ ಹೆಪ್ಪುಗಟ್ಟಿಸುತ್ತಾರೆ. ಕುದಿನೀರಿಗೆ ಬಣ್ಣ ರುಚಿಗಳನ್ನು ಕೆಡಿಸುವ ಕಿಣ್ವಗಳು ಸಾಯುತ್ತವೆ. ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯಲಾರವು. ಶವಾಗಾರದಲ್ಲಿ ಇಡುವುದು ಸತ್ತ ಮೇಲೆ; ಇಲ್ಲಿ ಇಡುವುದು ಕೆಡುವ ಮೊದಲು. ನೆಂಟರ ಉಪಮಾಲಂಕಾರ ಇಲ್ಲಿಗೇ ಕುಂಟಿತು.

ಈ ಕಲೆ ನಿನ್ನೆ ಮೊನ್ನೆಯದೂ ಅಲ್ಲ. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್ಐ ಎಂಬಾತ 1912ರ ಸುಮಾರಿಗೆ ಕೆನಡಾದ ಲಾಬ್ರಡಾರ್ ತೀರಕ್ಕೆ ಹೋಗಿದ್ದಾಗ, ಅಲ್ಲಿಯ ಮೂಲನಿವಾಸಿಗಳು ಹಿಡಿದ ಮೀನು ಕೊರೆಯುವ ಗಾಳಿಗೆ ಕ್ಷಣಮಾತ್ರದಲ್ಲಿ ಹೆಪ್ಪುಗಟ್ಟುವುದನ್ನೂ ತಿಂಗಳುಗಳ ಮೇಲೆ ಬೇಯಿಸಿದರೂ ರುಚಿಗೆಡದೆ ಇರುವುದನ್ನೂ ಕಂಡ. ನಿಧಾನವಾಗಿ ಹೆಪ್ಪುಗಟ್ಟಿದರೆ ಹಿಮದ ಹರಳು ದೊಡ್ಡದಾಗಿ ಬೆಳೆದು ತರಕಾರಿಯ ಜೀವಕೋಶಗಳನ್ನು ಹರಿಯುತ್ತದೆ. ಬೇಗನೆ ಹೆಪ್ಪುಗಟ್ಟಿದರೆ ಹರಳು ಸಣ್ಣದು, ಹಾನಿಯೂ ಸಣ್ಣದು. ಗುಟ್ಟೆಲ್ಲ ಇಷ್ಟೇ. 1930ರಲ್ಲಿ ಮ್ಯಾಸಚುಸೆಟ್ಸಿನ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ಅಂಗಡಿಗಳಲ್ಲಿ ಅವನ ಪೊಟ್ಟಣಗಳು ಮಾರಾಟಕ್ಕೆ ಬಂದವು. ನಮ್ಮ ಮೈಸೂರಿನಲ್ಲಿಯೇ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಹುಟ್ಟಿದ್ದು 1950ರಲ್ಲಿ. ಸೈನಿಕರ ಊಟವನ್ನು ಕೆಡದಂತೆ ಕಾಪಾಡುವ ವಿದ್ಯೆಗೆಂದೇ ಅದೇ ಊರಿನಲ್ಲಿ 1961ರಲ್ಲಿ ಇನ್ನೊಂದು ಪ್ರಯೋಗಾಲಯ ಹುಟ್ಟಿತು. ಆಹಾರವನ್ನು ಕಾಪಿಡುವ ಶಾಸ್ತ್ರಕ್ಕೆ ಭಾರತದಲ್ಲಿ ಒಂದು ತವರೂರಿದ್ದರೆ ಅದು ಕನ್ನಡನಾಡಿನಲ್ಲಿದೆ. ಆದರೂ ನಮ್ಮ ಹಜಾರಗಳಲ್ಲಿ ವಾದ ನಡೆಯುವುದು ಹೊಸ್ತಿಲಾಚೆ ನಿಂತು.

ಸತ್ತ್ವ ಹೋಗುವುದಿಲ್ಲವೆ ಎಂದು ಕೇಳುವವರುಂಟು. ಸ್ವಲ್ಪ ಹೋಗುತ್ತದೆ. ಕುದಿನೀರಿನಲ್ಲಿ ಅದ್ದುವಾಗ ಸಿ ಜೀವಸತ್ತ್ವದ ಒಂದಂಶ ನೀರುಪಾಲಾಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು ಎಂಟು ಬಗೆಯ ಹಣ್ಣು ತರಕಾರಿಗಳನ್ನು ತೂಗಿನೋಡಿ 2015ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಸಿ ಜೀವಸತ್ತ್ವದ ಮಟ್ಟಿಗೆ ಹೆಪ್ಪುಗಟ್ಟಿದ್ದು ತಾಜಾದಕ್ಕಿಂತ ಕಡಿಮೆಯೆನಿಸಲಿಲ್ಲ; ಬಟಾಣಿ ಗಜ್ಜರಿಗಳಲ್ಲಿ ಕ್ಯಾರೊಟಿನ್ ಮಾತ್ರ ಗಣನೀಯವಾಗಿ ಇಳಿದಿತ್ತು. ನನ್ನ ಪಕ್ಷಕ್ಕೆ ಅನುಕೂಲವಲ್ಲದ ಈ ಕೊನೆಯ ಮಾತನ್ನೂ ಹೇಳಿದ್ದೇನೆ. ಎದುರು ಪಕ್ಷದವರು ತಮ್ಮ ಕಾಯಿಪಲ್ಲೆಯನ್ನು ಮುಕ್ಕಾಲು ಗಂಟೆ ಕುದಿಸಿ, ನೀರು ಬಸಿದು ಚೆಲ್ಲುವಾಗ ಹರಿದುಹೋಗುವ ಸತ್ತ್ವದ ಲೆಕ್ಕವನ್ನೂ ಹೀಗೆಯೇ ಒಪ್ಪಿಸಲಿ.

ಆ ರಾತ್ರಿ ನಾನು ಎದುರು ಮಾತಾಡಿದಾಗ ನೆಂಟರು ಭಗವದ್ಗೀತೆಯನ್ನು ಅಡ್ಡ ತಂದರು. ಹದಿನೇಳನೆಯ ಅಧ್ಯಾಯದಲ್ಲಿ ತಾಮಸ ಆಹಾರದ ಪಟ್ಟಿಯಿದೆಯಷ್ಟೆ. ಅದರ ಮೊದಲ ಮಾತೇ 'ಯಾತಯಾಮ'. ಜಾವ ಕಳೆದದ್ದು, ಎಂದರೆ ತಂಗಳು, ಎಂದು ಅವರ ಅರ್ಥ. ಅದು ಅಡುಗೆಗೆ ಹೇಳಿದ ಮಾತು, ಹಸಿಯ ತರಕಾರಿಗಲ್ಲ. ಜಾವದ ಲೆಕ್ಕವನ್ನೇ ಹಿಡಿದರೆ ಅವರು ಆ ಗಳಿಗೆಯಲ್ಲಿ ಅಡಗಿಸುತ್ತಿದ್ದ ಕಟಕು ರೊಟ್ಟಿ ಎಂಟು ದಿನದ್ದು. ಇಷ್ಟೇ ಅಲ್ಲ. ಶಂಕರರ ಭಾಷ್ಯದಲ್ಲಿ ಆ ಪದಕ್ಕೆ ಅರೆಬೆಂದದ್ದು ಎಂಬ ಅರ್ಥವಿದೆ. ಅತ್ತಿಗೆ ಹಂಚಿನ ಮೇಲೆ ಅಂಚು ಕೆಂಪಾಗುವವರೆಗೆ ಹುರಿದ ಬಟಾಣಿಗೆ ಆ ದೋಷವೂ ತಟ್ಟುವುದಿಲ್ಲ. ಗೀತೆಯನ್ನು ಒಲೆಗೆ ಹಾಕುವ ಮೊದಲು ಸ್ವಲ್ಪ ಓದಿಕೊಂಡಿರಬೇಕು.

ಇಷ್ಟಕ್ಕೂ ಕಾಪಿಟ್ಟು ತಿನ್ನುವುದು ನಮಗೆ ಹೊಸದೆ? ಬೇಸಗೆಯಲ್ಲಿ ನಮ್ಮ ಅಜ್ಜಿ ಮಾಳಿಗೆಯ ಮೇಲೆ ಹಾಗಲ, ಬೆಂಡೆ, ಸೌತೆಗಳನ್ನು ಉಪ್ಪುಮಜ್ಜಿಗೆಯಲ್ಲಿ ಅದ್ದಿ ಒಣಗಿಸಿ ಬಾಳಕ ಮಾಡಿಡುತ್ತಿದ್ದಳು. ಕಾಗೆ ಓಡಿಸುವ ಕೆಲಸ ನನ್ನದು. ಕರಾವಳಿ ಮಲೆನಾಡುಗಳ ಮನೆಗಳಲ್ಲಿ ಹಲಸಿನ ಸೊಳೆಯನ್ನು ಉಪ್ಪುನೀರಿನ ಭರಣಿಯಲ್ಲಿ ಮುಳುಗಿಸಿಟ್ಟು ಆಷಾಢದ ಮಳೆಯಲ್ಲಿ ಪಲ್ಯ ಮಾಡುತ್ತಾರೆ. ಅದನ್ನು ಯಾರಾದರೂ ಹೆಣವೆಂದದ್ದು ಕೇಳಿದ್ದೀರಾ? 'ಆಹಾ, ಉಪ್ಪುಸೊಳೆ!' ಎಂದು ಬಾಯಲ್ಲಿ ನೀರೂರಿಸಿಕೊಂಡು ಬರೆದ ಪ್ರಬಂಧಗಳನ್ನು ಇಂಥ ಪುಟಗಳಲ್ಲಿಯೇ ಬೇಕಾದಷ್ಟು ಓದಿದ್ದೇವೆ. ಬಿಸಿಲು ಕಾಪಿಟ್ಟರೆ ಸಂಸ್ಕೃತಿ, ಉಪ್ಪು ಕಾಪಿಟ್ಟರೆ ಪರಂಪರೆ, ಚಳಿ ಕಾಪಿಟ್ಟರೆ ಸೋಮಾರಿತನ! ಇಲ್ಲಿ ಭೇದವಿರುವುದು ಒಂದೇ ಕಡೆ. ಬಾಳಕಕ್ಕೆ ಅಜ್ಜಿಯ ನಾಲ್ಕು ದಿನದ ಬೆನ್ನುಮೂಳೆ ಬೇಕು, ಫ್ರೀಜರಿಗೆ ಬೇಡ. ಹೆಂಗಸಿನ ಬೆನ್ನು ನೋಯದೆ ತಟ್ಟೆಗೆ ಬಂದದ್ದು ನಮ್ಮ ನಾಲಗೆಗೆ ರುಚಿಸುವುದಿಲ್ಲವೋ ಏನೋ.

ಆದರೆ ರುಚಿಯ ವಿಷಯದಲ್ಲಿ ಎದುರು ಪಕ್ಷದವರ ದೂರಿನಲ್ಲಿ ಒಂದು ಸತ್ಯಾಂಶವಿದೆ. ಬಹುಮಂದಿಯ ಮನೆಯಲ್ಲಿ ಈ ತರಕಾರಿ ನೀರುನೀರಾಗಿ, ಬಿಸಿನೀರಿನ ಚೀಲದಂತೆ ಜೋತುಬಿದ್ದು ತಟ್ಟೆಗೆ ಬರುತ್ತದೆ. ನಾನು ಮಾಡಿದ ಮೊದಲ ಪಲ್ಯವೂ ಹಾಗೆಯೇ ಆಯಿತು. ಹೆಂಡತಿ ಒಂದು ತುತ್ತು ತಿಂದು, 'ಸಾರೋ ಪಲ್ಯವೋ?' ಎಂದು ಮಾತ್ರ ಕೇಳಿದಳು. ನಾನು ಮಾಡಿದ ತಪ್ಪು ಎಲ್ಲರೂ ಮಾಡುವ ತಪ್ಪು. ಪೊಟ್ಟಣವನ್ನು ಮಧ್ಯಾಹ್ನವೇ ಹೊರಗಿಟ್ಟು ಕರಗಿಸಿದ್ದೆ. ಒಂದೇ ಬಾಣಲೆಗೆ ಎಲ್ಲವನ್ನೂ ಸುರುವಿದ್ದೆ. ಸಣ್ಣ ಉರಿಯಿಟ್ಟು ಮೇಲೆ ಮುಚ್ಚಳ ಮುಚ್ಚಿದ್ದೆ. ಸಾಲದೆಂಬಂತೆ ಮೊದಲೇ ಉಪ್ಪು ಹಾಕಿದ್ದೆ.

ಇದರ ಲೆಕ್ಕ ಸುಲಭವಾದುದು. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಅದೇ ಒಂದು ಗ್ರಾಂ ಕುದಿನೀರು ಆವಿಯಾಗಿ ಹೋಗಲು ಸುಮಾರು 540. ಕಷ್ಟವಿರುವುದು ಕರಗಿಸುವುದರಲ್ಲಲ್ಲ, ಕರಗಿದ ನೀರನ್ನು ಓಡಿಸುವುದರಲ್ಲಿ. ಪಾತ್ರೆಯಲ್ಲಿ ನೀರು ಇರುವವರೆಗೆ ಅಲ್ಲಿಯ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲಿಯೇ ನಿಂತಿರುತ್ತದೆ. ತರಕಾರಿ ಕೆಂಪಗಾಗಿ ಘಮಗುಟ್ಟಬೇಕಾದರೆ ಅದರ ಮೈ 140 ಡಿಗ್ರಿಯನ್ನಾದರೂ ದಾಟಬೇಕು. ರೊಟ್ಟಿಗೆ ಕಂದುಚುಕ್ಕೆ ಬೀಳುವುದು, ಕಾಫಿಬೀಜ ಹುರಿದಾಗ ಬೀದಿಯೆಲ್ಲ ಘಮ್ಮೆನ್ನುವುದು ಇವಕ್ಕೆಲ್ಲ ಮುಖ್ಯ ಕಾರಣವಾದ ಕ್ರಿಯೆಯನ್ನು ಫ್ರಾನ್ಸಿನ ಮೈಯಾರ್ ಎಂಬಾತ 1912ರಲ್ಲಿಯೇ ವಿವರಿಸಿದ. ಬರ್ಡ್ಸ್ಐ ಲಾಬ್ರಡಾರಿನ ಚಳಿಯಲ್ಲಿ ಮೀನು ನೋಡುತ್ತಿದ್ದ ಕಾಲವೂ ಅದೇ ಎಂಬುದು ನನಗೆ ತಮಾಷೆಯಾಗಿ ತೋರುತ್ತದೆ. ಒಬ್ಬ ಚಳಿಯ ಗುಟ್ಟು ಹಿಡಿದ, ಇನ್ನೊಬ್ಬ ಬೆಂಕಿಯ ಗುಟ್ಟು ಹಿಡಿದ. ಎರಡೂ ಸೇರುವುದಕ್ಕೆ ಅತ್ತಿಗೆಯ ಹಂಚು ಬೇಕಾಯಿತು.

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನೋಡಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಅಲ್ಲಿ ಮೊದಲು ಮರಳು ಕಾಯುತ್ತದೆ, ಅಕ್ಕಿ ಬೀಳುವುದು ಆಮೇಲೆ. ಅದೂ ಹಿಡಿ ಹಿಡಿಯಾಗಿ. ಕಾಯದ ಮರಳಿಗೆ ಮೂಟೆ ಅಕ್ಕಿ ಸುರಿದು ಮಂಡಕ್ಕಿ ಅರಳಲಿಲ್ಲವೆಂದು ಅಕ್ಕಿಯನ್ನು ಬೈಯುವವನನ್ನು ಅಲ್ಲಿ ಯಾರೂ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ಅತ್ತಿಗೆ ಮಾಡಿದ್ದೂ ಅದೇ. ಅವರಿಗೆ ಯಾರೂ ಕ್ಯಾಲೊರಿಯ ಪಾಠ ಹೇಳಿರಲಿಲ್ಲ. ಹಂಚು ರೊಟ್ಟಿಯಿಂದಲೇ ಕೆಂಡವಾಗಿತ್ತು. ಕರಗಿಸದೆ, ಫ್ರೀಜರಿನಿಂದ ನೇರವಾಗಿ, ಮೂರು ಸರದಿಯಲ್ಲಿ, ಕಾಳಿಗೆ ಕಾಳು ಅಂಟದಂತೆ ಹರವಿದರು. ಮುಚ್ಚಳದ ಮಾತೇ ಇಲ್ಲ. ಮೊದಲೆರಡು ನಿಮಿಷ ಆವಿ ಭುಸುಗುಟ್ಟಿ ಹೋಗುವವರೆಗೆ ಸೌಟು ಮುಟ್ಟಲಿಲ್ಲ. ಆವಿಯ ಸದ್ದು ಅಡಗಿ ಚಿಟಚಿಟ ಸದ್ದು ಶುರುವಾದ ಮೇಲೆ ಒಮ್ಮೆ ತಿರುವಿದರು. ಮೂರೂ ಸರದಿ ಮುಗಿದ ಮೇಲೆ ಜಜ್ಜಿದ ಬೆಳ್ಳುಳ್ಳಿ, ಆಮೇಲೆ ಉಪ್ಪು, ಎಲ್ಲಕ್ಕಿಂತ ಕೊನೆಗೆ ಒಂದು ಹಿಡಿ ಗುರೆಳ್ಳುಪುಡಿ. ಬಟಾಣಿಯ ಸಿಪ್ಪೆ ಅಲ್ಲಲ್ಲಿ ಸುಟ್ಟು ಸುಕ್ಕಾಗಿ ಒಳಗೆ ಸಿಹಿಯಾಗಿತ್ತು. ಗಜ್ಜರಿಯ ಅಂಚು ಬೆಲ್ಲದ ಪಾಕದಂತೆ ಕಂದಿತ್ತು. ಇಡೀ ಕೆಲಸಕ್ಕೆ ಹಿಡಿದದ್ದು 20 ನಿಮಿಷ.

ಪಟ್ಟಣದ ಮನೆಗಳಲ್ಲಿ ಓವನ್ ಉಳ್ಳವರು ಇದ್ದಾರೆ. ಬಹುಪಾಲು ಮನೆಗಳಲ್ಲಿ ಅದು ಬಾಣಲೆ ಇಡುವ ಕಪಾಟಾಗಿರುತ್ತದೆ. ಬಾಣಲೆಗಳನ್ನು ಹೊರಗೆ ತೆಗೆದು, ಖಾಲಿ ತಟ್ಟೆಯನ್ನು 220 ಡಿಗ್ರಿಯಲ್ಲಿ ಹತ್ತು ನಿಮಿಷ ಕಾಯಿಸಿ, ಎಣ್ಣೆ ಸವರಿದ ತುಂಡುಗಳನ್ನು ಒಂದೇ ಪದರವಾಗಿ ಅದರ ಮೇಲೆ ಹರವಿ, ನಡುವೆ ಒಮ್ಮೆ ತಿರುವಿದರೆ 20-25 ನಿಮಿಷದಲ್ಲಿ ಅದೇ ಫಲ ಸಿಕ್ಕುತ್ತದೆ. ನಾನು ಈಗ ಮಾಡುವುದು ಹೀಗೆಯೇ. ತಟ್ಟೆ ಒಳಗಿರುವಾಗ ಪತ್ರಿಕೆ ಓದಬಹುದು. ಈ ಸುಖವನ್ನು 30 ವರ್ಷ ಈಳಿಗೆಮಣೆಯ ಮೇಲೆ ಕುಳಿತವಳಿಗೆ ಮೊದಲೇ ಒದಗಿಸಲಿಲ್ಲವಲ್ಲ ಎಂದು ಓದುತ್ತ ಓದುತ್ತ ಅನಿಸುತ್ತದೆ.

ಎಲ್ಲ ತರಕಾರಿಯೂ ಇದಕ್ಕೆ ಒದಗುವುದಿಲ್ಲ. ಬದನೆಕಾಯಿಯನ್ನು ಹೆಪ್ಪುಗಟ್ಟಿಸುವವನಿಗೆ ನಾನು ವಕೀಲನಾಗಲಾರೆ. ಅದರ ಜಾಗ ಕೆಂಡದ ಮೇಲೆ, ಅಲ್ಲಿಂದ ಎಣ್ಣೆ ಮೆಣಸಿನಕಾಯಿಗಳ ಜತೆ ರೊಟ್ಟಿಯ ಪಕ್ಕಕ್ಕೆ. ಸೌತೆ, ಸೊಪ್ಪು, ಕುಂಬಳದ ಜಾತಿಯವನ್ನೂ ಬಿಟ್ಟುಬಿಡಿ. ಬಟಾಣಿ, ಹುರುಳಿಕಾಯಿ, ಗಜ್ಜರಿ, ಹೂಕೋಸು, ಜೋಳದ ಕಾಳು ಚೆನ್ನ, ಬೆಂಡೆಯೂ ಆದೀತು. ಮಾಗಿಯಲ್ಲಿ ಸುಲಿದು ಹಿದುಕಿದ ಅವರೆಬೇಳೆಯನ್ನು ಮನೆಯ ಫ್ರೀಜರಿನಲ್ಲಿ ಇಟ್ಟುಕೊಂಡು ಬೇಸಗೆಯಲ್ಲಿ ತೆಗೆಯುವ ಮನೆಗಳು ಬೆಂಗಳೂರು ಮೈಸೂರುಗಳಲ್ಲಿ ಎಷ್ಟೋ ಇವೆ. ಪೊಟ್ಟಣದ ಬಟಾಣಿಗೆ ಮೂಗು ಮುರಿಯುವವರೇ ಆ ಬೇಳೆಯ ಸಾರಿಗೆ ಎರಡನೆಯ ಸಲ ಕೈಯೊಡ್ಡುವುದನ್ನು ನಾನು ನೋಡಿದ್ದೇನೆ.

ನಿಜವಾದ ತಕರಾರು ಬೇಕಾದವರಿಗೆ ಜಾಗ ಬೇರೆ ಕಡೆ ಇದೆ. ಹಳ್ಳಿಗಳಲ್ಲಿ ವಿದ್ಯುತ್ತು ಹೋದರೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಅಂಗಡಿಗಳಲ್ಲಿ ರಾತ್ರಿ ಬೀಗ ಹಾಕುವಾಗ ಫ್ರೀಜರಿನ ಗುಂಡಿಯನ್ನೂ ಆರಿಸಿ ಬಿಲ್ಲು ಉಳಿಸುವ ಜಾಣರಿದ್ದಾರೆ. ಕರಗಿ ಮತ್ತೆ ಹೆಪ್ಪುಗಟ್ಟಿದ ತರಕಾರಿಗೆ ರುಚಿಯೂ ಇಲ್ಲ, ಭರವಸೆಯೂ ಇಲ್ಲ. ಅದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ: ಪೊಟ್ಟಣವನ್ನು ಕೈಯಲ್ಲಿ ಹಿಡಿದು ಅಲುಗಿಸಿ. ಕಾಳುಗಳು ಬಿಡಿಬಿಡಿಯಾಗಿ ಗಲಗಲ ಎಂದರೆ ತನ್ನಿ. ಇಟ್ಟಿಗೆಯಂತೆ ಒಂದೇ ಗಡ್ಡೆಯಾಗಿದ್ದರೆ ಅಂಗಡಿಯವನ ಕೈಗೇ ಕೊಟ್ಟು ಬನ್ನಿ. ನಾನು ಒಮ್ಮೆ ಗಡ್ಡೆ ತಂದು ಎರಡು ದಿನ ಹೊಟ್ಟೆ ಹಿಡಿದುಕೊಂಡಿದ್ದೆ. ಅಂಗಡಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಬೇಕಾದ ಮಾತನ್ನು ಅಲ್ಲಿಯೇ ಹೇಳಿ ಬಂದಿದ್ದೇನೆ. ಹೆಪ್ಪುಗಟ್ಟಿಸಿದ್ದನ್ನು ಹಸಿಯಾಗಿ ತಿನ್ನುವ ಚಪಲವೂ ಬೇಡ. ಯೂರೋಪಿನ ಹಲವು ದೇಶಗಳಲ್ಲಿ ಹೆಪ್ಪುಗಟ್ಟಿಸಿದ ಜೋಳದಿಂದ ಲಿಸ್ಟೀರಿಯಾ ಎಂಬ ಸೂಕ್ಷ್ಮಾಣು ಹರಡಿ ಜನ ಸತ್ತದ್ದು 2018ರಲ್ಲಿ ಬಯಲಿಗೆ ಬಂತು. ಚಳಿ ಆ ಜೀವಿಯನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ, ಕೊಲ್ಲುವುದು ಬೆಂಕಿ. ಬೆಲೆಯ ಮಾತೂ ಇದೆ. ಪುಷ್ಯಮಾಸದಲ್ಲಿ ಬಟಾಣಿ ಸಂತೆಯಲ್ಲಿ ಸೂರೆಯಾಗಿರುವಾಗ ಪೊಟ್ಟಣ ಕೊಳ್ಳುವುದು ದಡ್ಡತನ. ಇವೆಲ್ಲ ವಿವೇಕದ ಆಕ್ಷೇಪಣೆಗಳು, ನಾನು ಒಪ್ಪುತ್ತೇನೆ. ಆದರೆ ಹೊಸ್ತಿಲಾಚೆ ನಿಂತ ಯಾರೂ ಇವನ್ನು ಎತ್ತುವುದಿಲ್ಲ. ಎತ್ತಬೇಕಾದರೆ ಹೊಸ್ತಿಲು ದಾಟಿ ಒಳಗೆ ಬಂದು ಪೊಟ್ಟಣ ಅಲುಗಿಸಿ ನೋಡಬೇಕಾಗುತ್ತದೆ.

ಉಳಿದದ್ದು ಸೋಮಾರಿತನದ ಮಾತು. ನನಗೆ ಸಿಟ್ಟು ಬಂದದ್ದು ಈ ಮಾತಿಗೇ. ಕನ್ನಡದಲ್ಲಿ ಅಡುಗೆಯ ಶಾಸ್ತ್ರ ಹಳೆಯದು. 1025ರಲ್ಲಿ ಚಾವುಂಡರಾಯ ಲೋಕೋಪಕಾರದಲ್ಲಿ ಬಾವಿಯ ನೀರು, ವೈದ್ಯ, ಜ್ಯೋತಿಷಗಳ ಜತೆಗೆ ಅಡುಗೆಗೂ ಎಡೆ ಕೊಟ್ಟ. ಐನೂರು ವರ್ಷದ ಹಿಂದೆ ಮೂರನೆಯ ಮಂಗರಸ ಸೂಪಶಾಸ್ತ್ರವನ್ನೇ ಬರೆದ. ಅವನು ಅರಸು ಮನೆತನದವನು. ಗ್ರಂಥಕರ್ತರ ಹೆಸರು ನಮಗೆ ಬಾಯಿಪಾಠ. ಅವರ ಮನೆಯಲ್ಲಿ ಬದನೆ ಹೆಚ್ಚಿ ಒಲೆ ಊದಿದವರ ಹೆಸರು ಯಾವ ಕವಿಚರಿತೆಯಲ್ಲಿಯೂ ಇಲ್ಲ. ನಮ್ಮ ಕಾಲದ ಬರಹಗಾರರಾದರೂ ಭಿನ್ನವೆ? ತಾಯಿಯ ಕೈರುಚಿಯನ್ನು ನೆನೆದು ಕಣ್ಣೀರು ಸುರಿಸಿದ ಲೇಖನಗಳನ್ನು ಕಟ್ಟಿದರೆ ಒಂದು ಗಾಡಿಯಾದೀತು. ತಾಯಿಗೆ ಒಂದು ಸಂಜೆ ಬಿಡುವು ಕೊಟ್ಟೆನೆಂದು ಬರೆದವರನ್ನು ನಾನು ಇನ್ನೂ ಓದಿಲ್ಲ. ಆ ಕೈರುಚಿಯಲ್ಲಿ ಎಷ್ಟು ಪಾಲು ರುಚಿ, ಎಷ್ಟು ಪಾಲು ಕೈ?

ಹಾಗೆ ನೋಡಿದರೆ ನಮ್ಮ ನೆಂಟರು ಕೂಡ ಸುಲಭದ ಶತ್ರುವಲ್ಲ. ಅವರು ಊರಿಗೆ ಬಂದದ್ದು ಕಾರಿನಲ್ಲಿ, ತುಂಗಭದ್ರೆಯಲ್ಲಿ ದೋಣಿ ಹಿಡಿದಲ್ಲ. ಅವರ ಮನೆಯ ನೀರು ಬರುವುದು ನಲ್ಲಿಯಲ್ಲಿ, ಹಿಟ್ಟು ಬರುವುದು ಗಿರಣಿಯಿಂದ, ಬಟ್ಟೆ ಒಗೆಯುವುದು ಯಂತ್ರ. ಬೀಸುವ ಕಲ್ಲು ಬಿಟ್ಟಾಗ ಅವರು ಮಾತಾಡಲಿಲ್ಲ. ಗಿರಣಿಯ ಹಿಟ್ಟಿನ ರೊಟ್ಟಿಯೂ ಅವರ ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ. ಈಳಿಗೆಮಣೆಯ ಹತ್ತಿರ ಬಂದಾಗ ಮಾತ್ರ ಅವರಿಗೆ ಸಂಸ್ಕೃತಿಯ ನೆನಪಾಗುತ್ತದೆ. ಅವರವರ ಸುಲಭಕ್ಕೆ ಪ್ರಗತಿಯೆಂದು ಹೆಸರು, ಅಡುಗೆಯವಳ ಸುಲಭಕ್ಕೆ ಸೋಮಾರಿತನವೆಂದು ಹೆಸರು. ಈ ನಾಮಕರಣ ಮಾಡಿದ ಪುರೋಹಿತರು ಯಾರೋ ನನಗೆ ತಿಳಿಯದು. ಆದರೆ ಅವರು ತರಕಾರಿ ಹೆಚ್ಚುವವರಾಗಿರಲಿಲ್ಲವೆಂದು ಪ್ರಮಾಣ ಮಾಡಿ ಹೇಳಬಲ್ಲೆ.

ಆ ರಾತ್ರಿ ನಾನು ಇಷ್ಟನ್ನೂ ಹೇಳಲಿಲ್ಲ. ಅರ್ಧ ಹೇಳುವಷ್ಟರಲ್ಲಿ ಅಣ್ಣ ನನ್ನನ್ನು ಕೈಹಿಡಿದು ಕೂರಿಸಿದ. ನೆಂಟರು ಊಟ ಮಾಡಿದರು. ಪಲ್ಯವನ್ನು ಬಡಿಸಿಕೊಳ್ಳಲಿಲ್ಲ, ಉಪ್ಪಿನಕಾಯಿ ನಂಚಿಕೊಂಡು ತಮ್ಮ ಮಾತನ್ನು ಉಳಿಸಿಕೊಂಡರು. ಅಷ್ಟು ಹಟ ನನಗೂ ಇಷ್ಟವೇ. ಹೊರಡುವಾಗ ಅತ್ತಿಗೆಗೆ, 'ಸಂಕ್ರಾಂತಿಗೆ ಬರುವಾಗ ನಾನೇ ಐದು ಕಿಲೋ ಸೊಗಡಿನ ಅವರೆಕಾಯಿ ತರುತ್ತೇನೆ, ತಾಜಾ ಎಂದರೆ ಏನೆಂದು ನೋಡುವಿಯಂತೆ' ಎಂದರು.

ಅತ್ತಿಗೆ ಬಾಗಿಲವರೆಗೆ ಹೋಗಿ ಬೀಳ್ಕೊಟ್ಟು, 'ಅಗತ್ಯವಾಗಿ ತನ್ನಿ. ಒಂದು ದಿನ ಮುಂಚೆಯೇ ಬಂದುಬಿಡಿ, ಸುಲಿಯುವುದಕ್ಕೆ ನಿಮಗೆ ಹೊತ್ತು ಬೇಕಾಗುತ್ತದೆ' ಎಂದರು.